ಮುರುಕಿವಿ ಗುರುತು ಹಿಡಿಯುವ ಗಾಡಿ

ಮಂಗಳವಾರ, ಬೆಳಗ್ಗೆ
ಸಂಶೋಧನಾ ಕೇಂದ್ರದ ಉಗ್ರಾಣ

ನರಿಗಳಿಗೆ ಕರುಣಾಮಯಿಯೂ ಗಂಡನಿಗೆ ನ್ಯಾಯಾಧೀಶೆಯೂ ಆದ ಮಹಾರಾಯ್ತಿಗೆ,

ಮೊದಲು ತಪ್ಪೊಪ್ಪಿಗೆ. ನಿನ್ನೆ ಮಧ್ಯಾಹ್ನ ನಿರ್ದೇಶಕಿ ಮೇಡಂ ಊಟಕ್ಕೆ ಎದ್ದಾಗ, ಪೂರ್ಣ ಪ್ರಜ್ಞೆಯಿಂದ, ಯಾರ ಒತ್ತಾಯವೂ ಇಲ್ಲದೆ, ಅವರ ಫೈಲಿನಿಂದ ಒಂದು ಹಾಳೆ ಕದ್ದೆ. ಹಾಳೆ ನಿನ್ನದೇ. ‘ಹಳೇ ಜೀಪು ನಂಬಿಕೆಗೆ ಅರ್ಹವಲ್ಲ, ಗುಜರಿಗೆ ಹಾಕಿ’ ಎಂದು ಆರು ತಿಂಗಳ ಹಿಂದೆ ನೀನು ಬರೆದುಕೊಟ್ಟ ದೂರು. ಅದಿಲ್ಲದೆ ಶುಕ್ರವಾರ ಗುಜರಿಯವನು ಬಂದರೂ ಜೀಪನ್ನು ಮುಟ್ಟುವಂತಿಲ್ಲ. ಕದ್ದ ಮಾಲನ್ನು ಇದೇ ಲಕೋಟೆಯಲ್ಲಿ ಒಡತಿಗೇ ಮರಳಿಸುತ್ತಿದ್ದೇನೆ. ಇಷ್ಟು ಪ್ರಾಮಾಣಿಕ ಕಳ್ಳ ನಿನಗೆ ಇನ್ನೆಲ್ಲಿ ಸಿಗಬೇಕು?

ಹುಬ್ಬು ಗಂಟಿಕ್ಕಬೇಡ. ಆ ದಿನವನ್ನು ನಾನು ಮರೆತಿಲ್ಲ. ದಿಬ್ಬದಾಚೆ ನೀನು ಕಾಯುತ್ತಿದ್ದೆ, ಜೀಪು ಬರಲಿಲ್ಲ. ನರಿಗಳ ಜಾಡು ಹಿಡಿಯುವ ಆಂಟೆನಾ ಹೆಗಲಿಗೇರಿಸಿಕೊಂಡು, ಬಾಯಿಬಿಟ್ಟ ಬೂಟಿನಲ್ಲಿ ಹದಿನಾಲ್ಕು ಕಿಲೋಮೀಟರ್ ನಡೆದೆ. ವಾರದೊಳಗೆ ಪೆಟ್ಟಿಗೆ ಕಟ್ಟಿ, ಆ ಗಾಡಿ ತೊಲಗಿದ ದಿನ ಬರ್ತೀನಿ, ಅಲ್ಲೀವರೆಗೂ ಕಾಲೇಜಿನಲ್ಲಿ ಪಾಠ ಮಾಡ್ಕೊಂಡಿರ್ತೀನಿ ಅಂತ ಹೊರಟುಬಿಟ್ಟೆ. ಏಳು ವರ್ಷ ಬೆನ್ನು ಹತ್ತಿದ ನರಿಗಳನ್ನೂ ಬಿಟ್ಟೆ, ಹನ್ನೊಂದು ವರ್ಷ ಬೆನ್ನು ಹತ್ತಿದ ನನ್ನನ್ನೂ ಬಿಟ್ಟೆ.

ಹೊಸ ಗಾಡಿ ಆರಿಸುವ ಹೊಣೆ ನನಗೇ ಬಂತು. ಬರಲೇಬೇಕಲ್ಲ, ಗಾಡಿಗಳ ವಿಷಯದಲ್ಲಿ ಈ ಕೇಂದ್ರದಲ್ಲಿ ನನ್ನಷ್ಟು ಎಚ್ಚರದ ಮನುಷ್ಯ ಇನ್ನೊಬ್ಬನಿಲ್ಲ. ಪರೀಕ್ಷೆಗೆಂದು ಮೂರು ಬಂದವು. ಬಿಳಿಯದು ಸೀಟು ಬಿಸಿ ಮಾಡುತ್ತದೆ, ದಾರಿ ಹೇಳುತ್ತದೆ, ಆದರೆ ಮೊದಲ ಬಂಡೆಗೇ ಹೊಟ್ಟೆ ಉಜ್ಜಿಕೊಂಡಿತು. ಇದಕ್ಕೆ ಸ್ಪ್ಯಾನರ್ ಸಾಲಲ್ಲ ಸಾರ್, ಡಿಗ್ರಿ ಬೇಕು ಅಂದ ನಮ್ಮ ಮೆಕ್ಯಾನಿಕ್. ಬ್ಯಾಟರಿ ಗಾಡಿ ಕನಸಿನ ಹಾಗೆ ನಿಶ್ಶಬ್ದ. ಕನಸಿನ ಹಾಗೆಯೇ ಅರ್ಧದಲ್ಲಿ ಮುಗಿಯಿತು. ಮೂರನೆಯದು, ಹಸಿರು ಪಿಕಪ್, ಮೊದಲ ದಿನವೇ ಅಕ್ಷರಶಃ ಹಳ್ಳ ಹಿಡಿಯಿತು, ಆದರೆ ತಾನಾಗಿಯೇ ಎದ್ದು ಬಂತು. ಎರಡು ಸ್ಟೆಪ್ನಿ, ಆಂಟೆನಾಗೆ ಜಾಗ, ನೀನು ಕೂತು ಬರೆಯುವಷ್ಟು ಅಗಲ. ಇದೇ ಸರಿ ಅಂದುಕೊಂಡೆ.

ಆದರೆ ನರಿಗಳು ಒಪ್ಪಬೇಕಲ್ಲ! ಮೂರನ್ನೂ ಒಂದೊಂದು ಬೆಳಗ್ಗೆ ಗುಹೆಗಳ ಹತ್ತಿರ ಒಯ್ದೆ. ಒಂದು ಬಾಲದ ತುದಿಯೂ ಕಾಣಲಿಲ್ಲ. ನಾಲ್ಕನೆಯ ಬೆಳಗ್ಗೆ ಸುಮ್ಮನೆ ಹಳೇ ಜೀಪು ತೆಗೆದೆ. ಮಂಜು ಹುಲ್ಲಿನ ಸೊಂಟದವರೆಗೆ ನಿಂತಿತ್ತು. ಜೀಪು ಅದರೊಳಗೆ ದೋಣಿಯಂತೆ ತೇಲಿತು. ಡ್ಯಾಶ್‌ಬೋರ್ಡಿನಲ್ಲಿ ನಿನ್ನ ಮೋಟು ಪೆನ್ಸಿಲ್ ಉರುಳಾಡುತ್ತಿತ್ತು. ಇಂಜಿನ್ ಗೊರ ಗೊರ ಎನ್ನುವ ಹಾಗೇ ಬಿಟ್ಟು ಕೂತೆ. ಆ ಸದ್ದಿಗೆ ಹೊತ್ತು ಕರಗುತ್ತದೆ. ನೀನು ಪಕ್ಕದಲ್ಲಿ ಕೂತು ‘ಶ್’ ಅಂದ ಹಾಗಾಯಿತು. ನೋಡಿದರೆ, ಮಂಜಿನೊಳಗಿಂದ ನಿನ್ನ ಮುರುಕಿವಿ ನರಿ! ಹಿಂದೆ ನಾಲ್ಕು ಮರಿ. ಜೀಪಿನ ನೆರಳಲ್ಲಿ ಕೂತು, ಕಿಟಕಿಯತ್ತ ಮುಖ ಎತ್ತಿ ಕಾಯಿತು. ನನ್ನನ್ನು ಕಂಡು ನಿರಾಸೆಯಾಯಿತೆಂದು ಕಾಣುತ್ತದೆ, ಆಕಳಿಸಿತು.

ಆಗ ಹೊಳೆಯಿತು. ಏಳು ವರ್ಷ ಅವು ಪಳಗಿದ್ದು ನಿನಗೆ ಮಾತ್ರವಲ್ಲ, ಆ ಗೊರಕೆಗೂ. ಜೀಪು ಹೋದರೆ ನಿನ್ನ ಕೆಲಸ ಮತ್ತೆ ಮೊದಲ ವರ್ಷದಿಂದ. ಅದಕ್ಕೇ ದೂರದ ದಾರಿಗೆ ಹಸಿರು ಪಿಕಪ್, ಗುಹೆಗಳ ಬಳಿಗೆ ಹಳೇ ಜೀಪು ಎಂದು ವರದಿ ಬರೆದಿಟ್ಟಿದ್ದೇನೆ. ದೂರನ್ನು ನೀನೇ ಹರಿದರೆ ಜೀಪು ಉಳಿಯುತ್ತದೆ. ಮತ್ತೊಮ್ಮೆ ಸಹಿ ಮಾಡಿ ವಾಪಸ್ ಕಳಿಸಿದರೆ ಮೇಡಂ ಕೈಗೆ ನಾನೇ ಕೊಡುತ್ತೇನೆ. ಎರಡರಲ್ಲಿ ಯಾವುದೇ ಆದರೂ ನೀನು ಬಾ. ಮರಿಗಳು ಬೆಳೆಯುತ್ತಿವೆ, ನಾಲ್ಕಕ್ಕೂ ಹೆಸರಿಲ್ಲ.

ನಿನ್ನ,
ಉಗ್ರಾಣದ ಅಧಿಪತಿ

ಮರೆತದ್ದು: ಮರೆತದ್ದಲ್ಲ, ಮೂರು ಸಲ ಬರೆದು ಹೊಡೆದುಹಾಕಿದ್ದು. ನಿರಪರಾಧಿಯನ್ನು ಗುಜರಿಗೆ ಕಳಿಸಿದ ಪಾಪ ನಿನಗೆ ತಟ್ಟಬಾರದು. ಆ ದಿನ ಜೀಪು ಕೆಟ್ಟಿರಲಿಲ್ಲ. ನಿನ್ನನ್ನು ಕರೆತರಲು ಹೊರಟವನು, ನರಿಗಳನ್ನು ಐದು ನಿಮಿಷ ನೋಡೋಣವೆಂದು ಗುಹೆಗಳ ಹತ್ತಿರ ನಿಲ್ಲಿಸಿದೆ. ಇಂಜಿನ್ ಜೋಗುಳ ಹಾಡಿತು. ಈ ಎಚ್ಚರದ ಮನುಷ್ಯ ನಿದ್ದೆಹೋದ. ಕಣ್ಣು ಬಿಟ್ಟಾಗ ಬಿಸಿಲು ಇಳಿದಿತ್ತು. ದಿಬ್ಬದಾಚೆ ಹೋದರೆ ನೀನಿಲ್ಲ. ಹಿಂದಿರುಗಿ ಬಂದರೆ, ಕಾಲುದಾರಿ ಹಿಡಿದು ನೀನಾಗಲೇ ಮನೆ ಸೇರಿದ್ದೆ. ಹೊರಗೇ ನಿಂತು ಬಾನೆಟ್ ಎತ್ತಿದೆ. ನಿನ್ನ ಕಾಲಿನ ಬೊಬ್ಬೆಗೆಂದು ಕಾಯಿಸಿದ್ದ ಬಿಸಿನೀರಿನಲ್ಲಿ ಮೊದಲು ನನ್ನ ಕೈ ತೊಳೆದೆಯಲ್ಲ, ಪಾಪ ಎಷ್ಟು ಒದ್ದಾಡಿದ್ದೀಯ ಅಂತ? ಆ ಮಸಿ ನಾನೇ ಬಳಿದುಕೊಂಡದ್ದು.