ಸುಂಕದ ಮೇಜಿನ ಮೇಲೆ ಒಣಗಿದ ಗಂಟು

ಸೇಡಂ, ಮಾರ್ಚ್ ೧೯೪೭

ರೈಲ್ವೆ ಸುಂಕದ ನಾಕೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಗಂಡನ ಕೊರಳಿನಿಂದ ಡಾಕ್ಟರರು ಕೊಯ್ದು ತೆಗೆದ ಗಂಟೊಂದನ್ನು ತಮ್ಮ ನಾಕೆಯ ಸಿಬ್ಬಂದಿ ಹನ್ನೊಂದು ದಿನ ಕಿಟಕಿಯ ಪಕ್ಕದ ಮೇಜಿನ ಮೇಲೆ ಒಣಗಲು ಬಿಟ್ಟರು. ಆ ಗಂಟು ಕೆಡದಿರಲೆಂದು ಸೀಸೆಯಲ್ಲಿ ತುಂಬಿದ್ದ ಸ್ಪಿರಿಟ್ಟನ್ನು ಕುಡಿದರು. ಹೌದು, ಕುಡಿದರು. ಬರೆಯುವಾಗ ನನಗೆ ಅಸಹ್ಯವಾಗುತ್ತಿದೆ. ಓದುವಾಗ ತಮಗೂ ಅಸಹ್ಯವಾದರೆ ನಮ್ಮಿಬ್ಬರ ನಡುವೆ ಒಂದು ವಿಷಯದಲ್ಲಾದರೂ ಒಮ್ಮತವಾಯಿತೆಂದು ಸಂತೋಷಪಡುತ್ತೇನೆ.

ಇದೇ ವಿಷಯವನ್ನು ತಮಗೆ ಉರ್ದುವಿನಲ್ಲಿ ಎರಡು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಅರ್ಜಿ ಬರೆದು ಕಳಿಸಿದ್ದೇನೆ. ಇಂಗ್ಲಿಷು ನಾನು ಓದಿದ ಶಾಲೆಯ ಭಾಷೆ. ವಿನಯದ ಪತ್ರ ಬರೆಯುವುದನ್ನು ಅಲ್ಲಿ ವರ್ಷಗಟ್ಟಲೆ ಕಲಿಸಿದ್ದರು. ನನ್ನ ಅರ್ಜಿ ಎಷ್ಟು ವಿನಯವಾಗಿತ್ತೆಂದರೆ, ಮತ್ತೆ ಓದಿದಾಗ ನನಗೇ ನನ್ನ ಮೇಲೆ ಕನಿಕರ ಬಂತು. ತಮಗೆ ಬರಲಿಲ್ಲ. ಅದಕ್ಕೇ ಈಗ ಕನ್ನಡದಲ್ಲಿ, ಪತ್ರಿಕೆಯಲ್ಲಿ. ತಾವು ಓದದಿದ್ದರೂ ತಮ್ಮ ನಾಕೆಯ ಮುಂದೆ ಗಂಟುಮೂಟೆ ಬಿಚ್ಚಿಕೊಂಡು ನಿಲ್ಲುವ ಜನ ಓದುತ್ತಾರೆ. ನಾಕೆ ಯಾವ ಊರಿನದೆಂದು ಬರೆಯುವುದಿಲ್ಲ. ಅಲ್ಲಿ ಒಮ್ಮೆ ನಿಂತವರು ಮರೆತಿರುವುದಿಲ್ಲ.

ನಾನು ಮದುವೆಯಾಗಿ ನಾಲ್ಕು ತಿಂಗಳಾಯಿತು. ನಮ್ಮವರ ಹೆಸರು ಗೊಲ್ಲಾಳಪ್ಪ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂಬುದು ನಮ್ಮ ಮನೆಯ ರೂಢಿ. ಆದರೆ ತಮ್ಮ ಗುಮಾಸ್ತರು ಐವತ್ತು ಜನರೆದುರು ಮೂರು ಸಲ ನನ್ನಿಂದ ಕೂಗಿ ಹೇಳಿಸಿದ್ದಾರೆ, ಇನ್ನು ಮುಚ್ಚಿಡುವುದೇನು? ಅವರು ಶಹಾಬಾದಿನ ಫರ್ಸಿ ಕಲ್ಲಿನ ಖಣಿಯಲ್ಲಿ ಅಳತೆ ಬರೆಯುವ ಕೆಲಸದಲ್ಲಿದ್ದಾರೆ. ಶನಿವಾರ ಮನೆಗೆ ಬಂದರೆ ರೆಪ್ಪೆಯ ಮೇಲೆಲ್ಲ ಕಲ್ಲಿನ ಪುಡಿ, ಕರವಸ್ತ್ರದಲ್ಲಿ ನನಗೆಂದು ಕಟ್ಟಿತಂದ ಎರಡು ಸೀತಾಫಲ. ಅಷ್ಟು ದೂರ ರೈಲಿನಲ್ಲಿ ಬಂದರೂ ಒಂದು ಹಣ್ಣೂ ನಜ್ಜಾಗಿರುತ್ತಿರಲಿಲ್ಲ! ಹಾಡಲು ಬರುವುದಿಲ್ಲ, ಹಾಡುವುದನ್ನು ಬಿಡುವುದೂ ಇಲ್ಲ. ಇಂಥ ಮಾತು ಅರ್ಜಿಯಲ್ಲಿ ಬರೆಯಬಾರದೆಂದು ನನಗೆ ಗೊತ್ತು. ಆದರೆ ತಮ್ಮ ವಹಿಯಲ್ಲಿ ಅವರು ಬರೀ ಒಂದು 'ಮಾಲು' ಆಗಿ ದಾಖಲಾಗಿದ್ದಾರೆ. ಆ ಮಾಲು ಹೇಗೆ ನಗುತ್ತದೆ ಎಂಬುದೂ ಎಲ್ಲಾದರೂ ದಾಖಲಾಗಲಿ.

ಮದುವೆಯಾದ ಮೂರನೇ ವಾರಕ್ಕೆ ಅವರ ಶೇರವಾನಿಯ ಕೊರಳಿನ ಹುಕ್ಕು ಹತ್ತಲಿಲ್ಲ. ಮನೆಯ ಹೆಂಗಸರಿಗೆಲ್ಲ ಹಬ್ಬವಾಯಿತು.

"ಬೀಗರ ಮನಿ ಹೋಳಿಗಿ ಸೀದಾ ಕೊಳ್ಳಿಗೇ ಏರ್ಯಾವ ನೋಡ್ರೆವ್ವ!" ಎಂದರು ನಮ್ಮ ಅತ್ತೆ ಮಹಾದೇವಮ್ಮನವರು.

"ಹೊಟ್ಟಿಗೆ ಹೋಗಾಕ ಜಾಗ ಇಲ್ಲ, ಅದಕ್ಕ ಕೊಳ್ಳಾಗ ನಿಂತಾವ," ಎಂದರು ಇವರು.

ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನನ್ನ ತವರಿನ ಹೋಳಿಗೆಗೆ ಸಿಕ್ಕ ಬಿರುದು ಅದು! ಶಿಂಪಿ ಚಂದ್ರಾಮಪ್ಪನವರ ಅಂಗಡಿಗೆ ಕಳಿಸಿ ಕೊರಳಪಟ್ಟಿ ಬಿಚ್ಚಿಸಿ ಅರ್ಧ ಇಂಚು ಸಡಿಲ ಮಾಡಿಸಿದೆವು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಹತ್ತಲಿಲ್ಲ. ಮತ್ತೆ ಸಡಿಲ ಮಾಡಿಸಲು ನಾನೇ ಜೊತೆಗೆ ಹೋದೆ. ಅಳತೆ ಪಟ್ಟಿ ಹಿಡಿದಿದ್ದ ಚಂದ್ರಾಮಪ್ಪನವರು ನಗಲಿಲ್ಲ.

"ತಂಗೆವ್ವ, ಉಂಡು ದಪ್ಪ ಆದ್ರ ಎರಡೂ ಕಡಿ ದಪ್ಪ ಆಗ್ತದ. ಇವರಿಗೆ ಎಡಗಡಿ ಅಷ್ಟೇ ಬಂದದ. ನಾ ಎಷ್ಟ್ ಸಲ ಬಿಚ್ಚಿ ಹೊಲೀಲಿ? ಡಾಕ್ಟರಿಗೆ ತೋರಸ್ರಿ."

ಒಂದು ರೋಗವನ್ನು ಮೊದಲು ಗುರುತಿಸಿದವರು ದರ್ಜಿ. ನಾವು ಕಾಯಿಲೆಗೆ ಒಮ್ಮೆ ಬಟ್ಟೆ ಸಡಿಲ ಮಾಡಿಕೊಟ್ಟು, ಇನ್ನೊಮ್ಮೆ ಮಾಡಿಕೊಡಲು ಹೊರಟಿದ್ದೆವು. ಈ ತಪ್ಪು ನಮ್ಮದು, ಒಪ್ಪುತ್ತೇನೆ. ತಪ್ಪು ಒಪ್ಪುವುದು ಅಷ್ಟು ಕಷ್ಟವಲ್ಲ ಎಂದು ತಮಗೆ ತೋರಿಸಲೆಂದೇ ಇಷ್ಟು ವಿವರವಾಗಿ ಬರೆದೆ.

ನೋವಿಲ್ಲದ ಗಂಟುಗಳು, ಒಂದಲ್ಲ, ಮೂರು. ಹತ್ತು ದಿನ ಜ್ವರ, ಎಂಟು ದಿನ ಬಿಡುವು, ಮತ್ತೆ ಜ್ವರ. ಮೈಯೆಲ್ಲ ತುರಿಕೆ. ನೋಡಿದವರೆಲ್ಲ ಗಂಡಮಾಲೆ ಎಂದರು, ಅಂದರೆ ಕೊರಳಿನ ಕ್ಷಯ. ನಮ್ಮ ಸೀಮೆಯಲ್ಲಿ ಕೊರಳಿನಲ್ಲಿ ಏನು ಎದ್ದರೂ ಗಂಡಮಾಲೆಯೇ. ಕಡೆಗೆ ಚಿತ್ತಾಪುರದಲ್ಲಿ ದವಾಖಾನೆ ಇಟ್ಟಿರುವ ಡಾಕ್ಟರ್ ಮೆಹತಾಬ್ ಅವರ ಬಳಿಗೆ ಹೋದೆವು. ಅವರು ಯುದ್ಧದ ಕಾಲದಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ನಮ್ಮವರ ಮುಂಗೈಯ ಚರ್ಮಕ್ಕೆ ಕ್ಷಯದ ಪರೀಕ್ಷೆಯ ಮದ್ದು ಚುಚ್ಚಿದರು. ಮೂರು ದಿನ ಬಿಟ್ಟು ನೋಡಿದರೆ ಒಂದು ಕೆಂಪು ಚುಕ್ಕೆಯೂ ಇಲ್ಲ. ಅತ್ತೆಯವರು ದವಾಖಾನೆಯ ಅಂಗಳದಲ್ಲೇ ಸಕ್ಕರೆ ಹಂಚಿದರು. ಡಾಕ್ಟರರು ಮಾತ್ರ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳದೆ ನನ್ನನ್ನು ಪಕ್ಕಕ್ಕೆ ಕರೆದರು.

"ತಂಗಿ, ನಿಮ್ಮ ಅತ್ತಿಯವರಿಗೆ ಈಗೇ ಹೇಳಬ್ಯಾಡ್ರಿ," ಎಂದರು. "ಈ ಮುಲ್ಕಿನಾಗ ದೊಡ್ಡವರಾದ ಮಂದಿಗೆ ಕ್ಷಯದ ಹುಳ ಎಲ್ಲರಿಗೂ ಒಮ್ಮೆ ತಾಕಿರ್ತದ. ಚುಚ್ಚಿದ್ರ ಕೈ ಕೆಂಪ ಆಗ್ಲೇಬೇಕು. ನಿಮಗ ಚುಚ್ಚಿದ್ರೂ ಆಗ್ತದ. ಇವರಿಗೆ ಆಗಿಲ್ಲ ಅಂದ್ರ ಕ್ಷಯ ಇಲ್ಲ ಅಂತಲ್ಲ, ಮೈ ಜಗಳಾಡೋದು ಮರ್ತದ ಅಂತ."

ಅವರಿಗೆ ಬಂದ ಅನುಮಾನ ಹಾಜ್ಕಿನ್ ರೋಗದ್ದು. ನೂರು ವರ್ಷಗಳ ಹಿಂದೆ ಅದನ್ನು ಗುರುತಿಸಿದ ಇಂಗ್ಲಿಷ್ ವೈದ್ಯನ ಹೆಸರೇ ಅದಕ್ಕಿದೆ. ಕೊರಳು, ಕಂಕುಳು, ತೊಡೆಸಂದಿನಲ್ಲಿರುವ ಗ್ರಂಥಿಗಳು ಮೈಯ ನಾಕೆಗಳಂತೆ; ಹೊರಗಿನಿಂದ ಬಂದ ರೋಗದ ಹುಳಗಳನ್ನು ಅಲ್ಲಿ ಹಿಡಿದು ನಿಲ್ಲಿಸುತ್ತವೆ. ಈ ರೋಗದಲ್ಲಿ ನಾಕೆಗಳು ಊದಿಕೊಳ್ಳುತ್ತವೆ, ಒಂದರ ಪಕ್ಕ ಇನ್ನೊಂದು ಹುಟ್ಟುತ್ತದೆ, ಆದರೆ ತಡೆಯಬೇಕಾದ್ದನ್ನು ತಡೆಯುವುದಿಲ್ಲ. ಮೈಯ ರಸವನ್ನೆಲ್ಲ ತಿಂದು ತಾವು ಕೊಬ್ಬುತ್ತವೆ. ಮಾನ್ಯರೇ, ಇದನ್ನು ಡಾಕ್ಟರರು ವಿವರಿಸಿದ ದಿನ ನಾನಿನ್ನೂ ತಮ್ಮ ನಾಕೆಯನ್ನು ನೋಡಿರಲಿಲ್ಲ. ನೋಡಿದ ಮೇಲೆ ರೋಗ ಬಹಳ ಚೆನ್ನಾಗಿ ಅರ್ಥವಾಯಿತು.

ಅನುಮಾನವನ್ನು ಖಚಿತಪಡಿಸಲು ಒಂದೇ ದಾರಿ. ಗಂಟನ್ನು ಇಡಿಯಾಗಿ ತೆಗೆದು, ತೆಳ್ಳಗೆ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹಾಜ್ಕಿನ್ ಆಗಿದ್ದರೆ ಗೂಬೆಯ ಮುಖದಂಥ ಒಂದು ದೊಡ್ಡ ಕಣ ಕಾಣಿಸುತ್ತದಂತೆ. ಆ ವರದಿಯಿಲ್ಲದೆ ಮುಂಬಯಿಯ ಆಸ್ಪತ್ರೆಯವರು ಎಕ್ಸ್-ರೇ ಚಿಕಿತ್ಸೆ ಕೊಡುವುದಿಲ್ಲ. ಅವರದು ಸರಿಯೇ. ಒಂದು ರೋಗದ ಚಿಕಿತ್ಸೆಯನ್ನು ಇನ್ನೊಂದಕ್ಕೆ ಕೊಟ್ಟರೆ ಮನುಷ್ಯ ಉಳಿಯುತ್ತಾನೆಯೇ? ಗುಣವಾಗುತ್ತದೆ ಎಂದು ಡಾಕ್ಟರ್ ಮೆಹತಾಬ್ ಸುಳ್ಳು ಹೇಳಲಿಲ್ಲ. ರೋಗ ಕೊರಳಿನ ಒಂದೇ ಕಡೆ ಇರುವಾಗ ಎಕ್ಸ್-ರೇ ಬಿದ್ದರೆ ವರ್ಷಗಳು ಸಿಗುತ್ತವೆ ಎಂದರು. ಯುದ್ಧಕ್ಕೆಂದು ಮಾಡಿದ ವಿಷದಿಂದ ಅಮೆರಿಕದಲ್ಲಿ ಒಂದು ಸೂಜಿಮದ್ದು ತಯಾರಿಸಿದ್ದಾರಂತೆ. ಸಿಗುವ ವರ್ಷಗಳೊಳಗೆ ಅದು ಇಲ್ಲಿಗೂ ಬರಬಹುದು ಎಂದರು. ವರ್ಷಗಳು! ನನಗೆ ಆ ಮಾತು ಸಾಕಾಗಿತ್ತು. ನಾನು ಅಲ್ಲೇ ಲೆಕ್ಕವಿಲ್ಲದಷ್ಟು ವರ್ಷಗಳನ್ನು ಮನಸ್ಸಿನಲ್ಲಿ ಕಟ್ಟಿಕೊಂಡೆ.

ಕೊಯ್ಯುವ ದಿನ ಕೊರಳಿನ ಶಿವದಾರ ತೆಗೆಯಬೇಕಾಯಿತು. ಹುಟ್ಟಿದಾಗ ಕಟ್ಟಿದ ಲಿಂಗವನ್ನು ಇವರು ಒಂದು ದಿನವೂ ಮೈಯಿಂದ ಅಗಲಿಸಿದವರಲ್ಲ. ಬೇಡವೆಂದು ಎದ್ದು ಕುಳಿತರು. ಅತ್ತೆಯವರೇ ಅದನ್ನು ಬಿಚ್ಚಿ ಅವರ ಬಲಗೈಯಲ್ಲಿಟ್ಟು ಬೆರಳು ಮಡಚಿದರು. "ಕೊಳ್ಳಾಗಿದ್ದದ್ದು ಕೈಯಾಗ ಬಂತು, ಅಷ್ಟೇ. ಗಟ್ಟಿ ಹಿಡ್ಕೋ. ಅಂವ ಸಿಟ್ಟಾಗಂಗಿಲ್ಲ, ನೀ ಅಳಬ್ಯಾಡ." ಮುಷ್ಟಿ ಬಿಡಿಸದೆ, ಎಚ್ಚರವಾಗಿಯೇ ಇದ್ದು ಕೊಯ್ಯಿಸಿಕೊಂಡರು. ಫಾರ್ಮಲಿನ್ ಎಲ್ಲೂ ಸಿಗದಿದ್ದುದರಿಂದ ಡಾಕ್ಟರರು ಗಂಟನ್ನು ಶುದ್ಧ ಸ್ಪಿರಿಟ್ಟಿನಲ್ಲಿ ಮುಳುಗಿಸಿ, ಸೀಸೆಗೆ ಅರಗು ಹಾಕಿ, ಎರಡು ಭಾಷೆಯಲ್ಲಿ ಪತ್ರ ಬರೆದು ಮುದ್ರೆ ಒತ್ತಿದರು. ಜ್ವರದಲ್ಲಿದ್ದ ಮನುಷ್ಯನನ್ನು ಅಷ್ಟು ದೂರ ಸಾಗಿಸುವುದಕ್ಕಿಂತ ಸೀಸೆಯನ್ನು ಸಾಗಿಸುವುದು ಸುಲಭ ಎಂದುಕೊಂಡೆವು. ಗಡಿಯಾಚೆ ಇಂಗ್ಲಿಷರ ಸೀಮೆಯ ಸೋಲಾಪುರದಲ್ಲಿ ಡಾಕ್ಟರರ ಗೆಳೆಯರೊಬ್ಬರು ಅದನ್ನು ಇಸಿದುಕೊಂಡು ಮುಂಬಯಿಗೆ ಮುಟ್ಟಿಸುವವರಿದ್ದರು. ಹೊತ್ತುಕೊಂಡು ಹೊರಟವರು ನಾನು ಮತ್ತು ನಮ್ಮ ಅತ್ತೆ.

ಮುಂದಿನದು ತಮ್ಮ ರಾಜ್ಯ. ತಮ್ಮ ಗುಮಾಸ್ತರು ಪತ್ರ ಓದಲಿಲ್ಲ, ಅರಗು ಒಡೆದು ಮೂಸಿದರು.

"ದಾರೂ ಅದ ಇದು."

"ಔಷಧರಿ, ಡಾಕ್ಟರರ ಪತ್ರ ಅದ ನೋಡ್ರಿ," ಎಂದೆ.

"ದಾರೂ ತರೋರೆಲ್ಲಾ ಔಷಧ ಅಂತಾನೇ ಅಂತಾರವ್ವ. ಒಳಗ ಏನದು, ಉಪ್ಪಿನಕಾಯೇನು?"

"ನನ್ನ ಮಗನ ಕೊಳ್ಳಾಗಿನ ಮಾಂಸ," ಎಂದರು ಅತ್ತೆ.

ಗುಮಾಸ್ತರು ಸೀಸೆಯನ್ನು ಮೆಲ್ಲಗೆ ಕೆಳಗಿಟ್ಟರು. ನಾಚಿಕೆಯಿಂದ ಎಂದು ನಾನು ತಪ್ಪು ತಿಳಿದೆ. "ಮಾಂಸ ಸಾಗಸಾಕ ಬ್ಯಾರೆ ಪರವಾನಗಿ ಬೇಕಾಗ್ತದ," ಎಂದರು. ಆಮೇಲೆ ಮೂರು ಕುರ್ಚಿಗಳ ನಡುವೆ ಚರ್ಚೆ ನಡೆಯಿತು. ನಾಡಿನಿಂದ ಹೊರಗೆ ಹೋಗುವ ಮಾಲಿಗೆ ಸುಂಕ ಕಟ್ಟಬೇಕು, ಸುಂಕ ಹಾಕಲು ಕಿಮ್ಮತ್ತು ಬರೆಯಬೇಕು. ಆ ಗುಮಾಸ್ತ ಮಹಾಶಯರು ಲೇಖನಿ ಅದ್ದಿಕೊಂಡು ನಮ್ಮ ಅತ್ತೆಯನ್ನು ಕೇಳಿದರು: "ಇದರ ಕಿಮ್ಮತ್ತು ಎಷ್ಟು ಬರೀಲಿ?"

"ನಿನ್ನ ಕೊಳ್ಳಾಗಿಂದು ಇಷ್ಟು ಕೊಯ್ದು ಈ ಮೇಜಿನ ಮ್ಯಾಲ ಇಡು. ಅದರ ಕಿಮ್ಮತ್ತು ಎಷ್ಟೋ ಇದರದೂ ಅಷ್ಟೇ ಬರಕೋ."

ಸರಕಾರಿ ನೌಕರರಿಗೆ ಬೆದರಿಕೆ ಹಾಕಿದ ಮುದುಕಿ ಎಂದು ಅವರ ಹೆಸರು ಬೇರೆ ವಹಿಗೆ ಹೋಯಿತು. ಸ್ಪಿರಿಟ್ಟನ್ನು ಬೇರೆ ಬಾಟಲಿಗೆ ಬಗ್ಗಿಸಿ 'ಪುರಾವೆ' ಎಂದು ಮೊಹರು ಹಾಕಿದರು. ಗಂಟನ್ನು ಬರೀ ಸೀಸೆಯಲ್ಲಿ ಬಿಟ್ಟರು. ಸ್ಪಿರಿಟ್ಟಿಲ್ಲದೆ ಅದು ಕೆಡುತ್ತದೆ ಎಂದು ಎಷ್ಟು ಅಂಗಲಾಚಿದೆನೋ! ಪರವಾನಗಿ ತನ್ನಿ ಎಂದರು. ಪರವಾನಗಿ ಕೊಡುವವರು ದೌರೆಯ ಮೇಲೆ ಊರೂರು ಸುತ್ತುತ್ತಿದ್ದರು. ಹನ್ನೊಂದನೆಯ ದಿನ ಹೋದಾಗ ನನ್ನ ಕೈಗೆ ಬಂದದ್ದು ಕರ್ರಗೆ ಸುರುಟಿಕೊಂಡ ಒಂದು ತುಣುಕು, ಸೀಸೆಯ ಬಾಯಿಗೆ ಮುತ್ತಿದ ನೊಣ. ಪುರಾವೆಯ ಬಾಟಲಿ ಕಪಾಟಿನಲ್ಲಿ ಖಾಲಿ ನಿಂತಿತ್ತು, ಮೊಹರು ಒಡೆದಿತ್ತು.

"ಆರಿ ಹೋಗ್ಯದ," ಎಂದರು ಗುಮಾಸ್ತರು.

ಬಾಗಿಲಲ್ಲಿ ನಿಂತಿದ್ದ ಜವಾನ ನಗು ತಡೆಯಲಾರದೆ, "ಭಾಳ ಖಡಕ್ ಇತ್ತಂತ," ಎಂದ.

ಕಾನೂನು ದೊಡ್ಡದು, ನನಗೆ ತಿಳಿಯದು. ಆದರೆ ಒಂದು ಮಾತು ಕೇಳುತ್ತೇನೆ. ರೋಗಿಯ ಮಾಂಸ ನೆನೆದಿದ್ದ ನೀರನ್ನು ಬಾಯಿಗಿಟ್ಟವರು ಯಾವ ಇಲಾಖೆಯ ಯಾವ ನಿಯಮದಡಿ ಇಟ್ಟರು? ಅದು ಸಾರಾಯಿಯೇ ಎಂಬ ತಮ್ಮ ಸಿಬ್ಬಂದಿಯ ವಾದವನ್ನು ಅವರು ಇಷ್ಟು ಶ್ರದ್ಧೆಯಿಂದ ಪರೀಕ್ಷಿಸಿ ನೋಡಬೇಕಿತ್ತೇ? ಡಾಕ್ಟರ್ ಮೆಹತಾಬ್ ಆ ತುಣುಕನ್ನು ನೋಡಿ, ಇದರಲ್ಲಿ ಯಾರಿಗೂ ಏನೂ ಕಾಣಿಸದು ಎಂದರು. ತೊಳೆದ ಕೈಯನ್ನು ಮತ್ತೆ ತೊಳೆದರು.

ಈಗ ಬಲಗಡೆಯೂ ಗಂಟು ಬಂದಿದೆ. ಅದು ತಮ್ಮಿಂದಲೇ ಬಂತೆಂದು ನಾನು ಹೇಳಲಾರೆ. ರೋಗ ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ. ಆದರೆ ಅದು ಎಡಗಡೆ ಮಾತ್ರ ಇದ್ದ ದಿನಗಳಿದ್ದವು, ಅವುಗಳಲ್ಲಿ ಹನ್ನೊಂದು ತಮ್ಮ ಮೇಜಿನ ಮೇಲೆ ಕಳೆದವು. ಕ್ಷಯದ ಆಸ್ಪತ್ರೆಗಾದರೂ ಸೇರಿಸಿ ಎಂದು ಬಂಧುಗಳು ಹೇಳುತ್ತಿದ್ದಾರೆ. ಜಗಳಾಡುವುದನ್ನೇ ಮರೆತ ಮೈಯನ್ನು ಕೆಮ್ಮುವವರ ನಡುವೆ ಮಲಗಿಸಬೇಕಂತೆ! ಇತ್ತ ಗುಂಡಗುರ್ತಿಯ ಪೀರಮ್ಮ ಎಂಬ ತಾಯಿಯ ಮಗಳಿಗೆ ಆರು ವರ್ಷ. ಆ ಕೂಸಿನ ಕೊರಳಿನಲ್ಲೂ ಗಂಟು. ತಮ್ಮ ನಾಕೆಯ ಹೆದರಿಕೆಗೆ ಡಾಕ್ಟರರು ಅದಕ್ಕೆ ಕತ್ತಿ ಮುಟ್ಟಿಸಿಲ್ಲ. ಕೊಯ್ದು ಯಾರ ಬಾಯಿಗೆ ಕಳಿಸಲಿ ಎನ್ನುತ್ತಾರೆ.

ಆದ್ದರಿಂದ ನನ್ನ ಬೇಡಿಕೆ. ಡಾಕ್ಟರರ ಮೊಹರಿರುವ ಸೀಸೆಯನ್ನು ಯಾರೂ ಒಡೆಯದೆ, ಬಗ್ಗಿಸದೆ, ಅದೇ ರೈಲಿಗೆ ಬಿಡಬೇಕೆಂದು ತಾವು ಒಂದು ಸಾಲಿನ ಹುಕುಂ ಬರೆದು ನಾಕೆಯ ಗೋಡೆಗೆ ಅಂಟಿಸಬೇಕು. ಅದು ಆ ಕೂಸಿಗಾಗಿ. ನಮಗೆ ಬೇಕಾದದ್ದು ಇನ್ನೂ ಕಡಿಮೆ. ನಮ್ಮವರನ್ನು ಇಲ್ಲಿ ಎರಡನೆಯ ಸಲ ಕೊಯ್ಯಲು ಡಾಕ್ಟರರು ಒಪ್ಪಲಿಲ್ಲ. ಗಂಟು ಇರುವಲ್ಲೇ ಇರಲಿ, ಮನುಷ್ಯನನ್ನೇ ಮುಂಬಯಿಗೆ ಕರೆದೊಯ್ಯಿರಿ, ಅಲ್ಲೇ ಕೊಯ್ದು ನೋಡಲಿ ಎಂದಿದ್ದಾರೆ. ಈಗಿನ ಜ್ವರದ ಬಿಡುವು ಉಳಿದಿರುವುದು ಇನ್ನು ಐದೇ ದಿನ. ಬರುವ ಗುರುವಾರ ಬೆಳಗಿನ ಪ್ಯಾಸೆಂಜರಿಗೆ ನಾವು ಮೂವರು ತಮ್ಮ ನಾಕೆ ದಾಟುತ್ತೇವೆ. ಸ್ಪಿರಿಟ್ಟಿಲ್ಲ, ಸೀಸೆಯಿಲ್ಲ, ಮೂಸಲು ಏನೂ ಇಲ್ಲ. ಇಪ್ಪತ್ತಾರು ವರ್ಷದ ಒಬ್ಬ ಗಂಡಸು, ತುಸು ಬಿಳಿಚಿಕೊಂಡಿದ್ದಾರೆ, ಬಹುಶಃ ಹಾಡುತ್ತಿರುತ್ತಾರೆ. ಅವರನ್ನು ಬಿಟ್ಟುಬಿಡಿ.

ನಾಕೆಯಲ್ಲಿ ಜಗಳ ತೆಗೆಯುವುದಿಲ್ಲವೆಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಕೊಟ್ಟಿದ್ದೇನೆ. ಅತ್ತೆಯವರು ಕೊಟ್ಟಿಲ್ಲ.

ಇಂತಿ,
ತಮ್ಮ ಉತ್ತರದ ಆಸೆ ಬಿಟ್ಟು, ಗುರುವಾರದ ಆಸೆ ಇಟ್ಟುಕೊಂಡಿರುವ
ಶಿವಕಾಂತಮ್ಮ