ಕಾಲು ನಿಂತ್ರೂ ಕಲ್ಲು ನಿಲ್ಲಲಿಲ್ಲ

ಅಪ್ಪ,

ನಿನ್ನ ಫೋಟೋ ಮುಂದೆ ನಿಂತು ಹೇಳೋಕೆ ಮುಖ ಇಲ್ಲ, ಅದಕ್ಕೆ ಬರೀತಿದ್ದೀನಿ. ಊರಲ್ಲಿ ಹತ್ತನೇ ಕ್ಲಾಸು ಮುಗಿಸಿ ಮದ್ರಾಸಿಗೆ ನಿನ್ನ ಹತ್ರ ಬಂದಾಗಿಂದ ಕನ್ನಡ ಬರೆದಿದ್ದೇ ಇಲ್ಲ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೋ.

ಪುರಸೈವಾಕ್ಕಂ ಬೀದೀಲಿ ಸೈಕಲ್‌ಗೆ ಸ್ಟ್ಯಾಂಡ್ ಹಾಕಿ ಮೊದಲ್ನೇ ಸಲ ನನ್ನ ಸೀಟ್ ಮೇಲೆ ಕೂರಿಸಿದ್ದೆ, ನೆನಪಿದೆಯಾ? ಪೆಡಲ್ ತುಳಿದ್ರೆ ಮುಂದೆ ಸಾಣೆಕಲ್ಲು ತಿರುಗೋದು. ನಾನು ರೇಸ್ ಹೊಡೆದಂಗೆ ತುಳಿದೆ. "ಮೆಲ್ಲಗೆ ಕಣ್ಲಾ, ಯಾರು ಅಟ್ಟಿಸ್ಕೊಂಡ್ ಬರ್ತಾವ್ರೆ? ಅಲಗು ಕಾದ್ರೆ ಸತ್ತೋಯ್ತದೆ" ಅಂದೆ ನೀನು. ಆಮೇಲೆ "ಸಾಣೆ ಹಿಡೀ..." ಅಂತ ಕೂಗ್ದೆ. ತಮಿಳಲ್ಲಿ ಪಿಡಿ ಅನ್ಬೇಕು. ಎಷ್ಟು ವರ್ಷ ಆದ್ರೂ ನಿನ್ನ ಬಾಯಲ್ಲಿ ಹಿಡೀನೇ. ಬೀದಿಯೋರು ನಗೋರು. ನಾನು ನಾಕು ಹೆಜ್ಜೆ ಹಿಂದೆ ನಡೀತಿದ್ದೆ, ಯಾರೋ ಬೇರೆಯೋನ ತರ.

ನೀನು ಆಸ್ಪತ್ರೇಲಿ ಮಲಗಿದ್ದಾಗ ಕೇಳ್ದೆ, "ತುಳೀತಿದ್ದೀಯೇನ್ಲಾ?" "ತುಳೀತಿದ್ದೀನಪ್ಪ" ಅಂದೆ. ಅಷ್ಟೊತ್ತಿಗೆ ಚೈನ್ ಬಿಚ್ಚಾಗಿತ್ತು. ಸೀಟ್ ಕೆಳಗೆ ಬ್ಯಾಟರಿ, ಮೋಟರ್. ಕೂಗೋಕೆ ಸ್ಪೀಕರ್, ತಮಿಳ್ ರೆಕಾರ್ಡಿಂಗ್. ಆಗ್ಲೇ ಹೇಳ್ಬಿಟ್ಟಿದ್ರೆ, ನೀನು ಬೈದು...

ಹೋದ ಭಾನುವಾರ ನುಂಗಂಬಾಕ್ಕಂನಲ್ಲಿ ಒಂದು ಸ್ಕೂಲ್ ಗ್ರೌಂಡಲ್ಲಿ ಮೇಳ ಇತ್ತು. ಕರೆಂಟಿಲ್ದೆ, ಪ್ಲಾಸ್ಟಿಕ್ಕಿಲ್ದೆ ಕೈಕಾಲಲ್ಲೇ ಮಾಡೋ ಕೆಲ್ಸ ಜನಕ್ಕೆ ತೋರ್ಸೋದು. ಈ ಕಡೆ ತಾಳೆಗರಿ ಬುಟ್ಟಿ ಹೆಣೆಯೋ ಅಮ್ಮ, ಆ ಕಡೆ ಸೈಕಲ್ ತುಳಿದು ಜ್ಯೂಸ್ ಮಾಡೋನು, ಮಧ್ಯ ನಾನು. ಮೋಟರ್ ಮೇಲೆ ಗೋಣಿಚೀಲ ಮುಚ್ಚಿದ್ದೆ. ಒಂದು ಚೈನ್ ಹಾಕೋಕೆ ಎಷ್ಟೊತ್ತು ಬೇಕಿತ್ತಪ್ಪ? ಸುಮ್ನೆ ಪೆಡಲ್ ತಿರುಗಿಸ್ತಾ ಮೈಕಲ್ಲಿ ಹೇಳ್ದೆ, "ಇದು ನಮ್ಮಪ್ಪನ ಸೈಕಲ್. ಅವ್ರು ಕಲಿಸಿದಂಗೇ ಇವತ್ತಿಗೂ ಕಾಲಲ್ಲೇ ತುಳೀತೀನಿ." ಚಪ್ಪಾಳೆ ಹೊಡೆದ್ರು. ನಿನ್ನ ಹೆಸರಲ್ಲಿ ಈಸ್ಕೊಂಡೆ.

ಮೂಲೆಮನೆ ಪಾಟಿ ನೆನಪಿದಾರಾ? ನಿನ್ನ ಬಿಟ್ಟು ಯಾರ ಕೈಗೂ ಈಳಿಗೆಮಣೆ ಕೊಡ್ದೇ ಇದ್ದ ಅಜ್ಜಿ. ನೀನು ಹೋದ್ಮೇಲೆ ಅವ್ರ ಬೀದಿ ಕಡೆ ನಾನು ಕಾಲಿಟ್ಟಿರ್ಲಿಲ್ಲ. ಮೇಳಕ್ಕೆ ಕತ್ತಿ ತನ್ನಿ ಅಂದಿದ್ರಂತೆ, ಅದೇ ಈಳಿಗೆಮಣೆ ತಂದಿದ್ರು. ಅಲಗನ್ನ ಕಲ್ಲಿಗೆ ಕೊಟ್ಟು ಹಿಡಿದಿದ್ದೆ. "ಅಪ್ಪಾ ಎಪ್ಪಡಿ ಇರುಕ್ಕಾರು?" ಅಪ್ಪ ಹೆಂಗಿದಾರೆ ಅಂತ ಕೇಳಿಬಿಟ್ರು. ಗಾಬರೀಲಿ ಕಾಲು ನಿಂತೋಯ್ತು. ಕಲ್ಲು ನಿಲ್ಲಲಿಲ್ಲ. ಗುಂಯ್ ಅಂತ ತಿರುಗ್ತಾನೇ ಇತ್ತು.

"ಏನಣ್ಣಾ, ಕಾಲು ಟೀ ಕುಡಿಯೋಕೆ ಹೋಯ್ತಾ?" ಅಂದ ಜ್ಯೂಸಿನೋನು. ನಿಂತಿದ್ದೋರೆಲ್ಲ ನಕ್ರು. ಪಾಟಿ ನಗ್ಲಿಲ್ಲ. ಈಳಿಗೆಮಣೆ ಎತ್ಕೊಂಡು ನೋಡಿದ್ರು. ಅಲಗು ಕಾದು ಅಂಚು ನೀಲಿ ಆಗಿತ್ತು. "ಉಂಗಪ್ಪಾ ಮೆದುವಾ ಮಿದಿಪ್ಪಾರು" ಅಂದ್ರು. ನಿಮ್ಮಪ್ಪ ಮೆಲ್ಲಗೆ ತುಳೀತಿದ್ರು. ಅಷ್ಟೇ ಅಂದು ಹೋದ್ರು. ನೀನಿಲ್ಲ ಅಂತ ಹೇಳೋಕೂ ನನ್ನ ಕೈಲಿ ಆಗ್ಲಿಲ್ಲ.

ಮಾರನೇ ದಿನ ಮೋಟರ್ ಬಿಚ್ಚಿ ಚೈನ್ ಹಾಕ್ದೆ. ಸ್ಪೀಕರ್ ಮನೇಲೇ ಬಿಟ್ಟೆ. ಸೈಕಲ್ ತಳ್ಕೊಂಡು ಪಾಟಿ ಬೀದೀಲಿ ಎರಡು ಸುತ್ತು ಬಂದೆ. ಕೊನೆಗೆ ಕೂಗ್ದೆ, "ಸಾಣೆ ಹಿಡೀ..." ನಿನ್ನಂಗೇ, ಹಿಡೀ. ಪಾಟಿ ಬಾಗ್ಲಿಗೆ ಬಂದೋರು ನನ್ನ ನೋಡ್ಲಿಲ್ಲ. ನನ್ನ ಹಿಂದೆ ನೋಡಿದ್ರು. ನಿನ್ನ ಹುಡುಕಿದ್ರಪ್ಪ.

ಆಗ ಹೇಳ್ದೆ, ನೀನಿಲ್ಲ ಅಂತ. ಪಾಟಿ ಒಳಗೆ ಹೋಗಿ ಈಳಿಗೆಮಣೆ ತಂದು ನನ್ನ ಕೈಗಿಟ್ರು. ಸುಟ್ಟ ಅಂಚು ತೇದು ಹೋಗೋ ಅಷ್ಟೊತ್ತಿಗೆ ತೊಡೆ ಹಿಡ್ಕೊಂಡಿತ್ತು. ಅವ್ರು ಮೆಟ್ಟಿಲ ಮೇಲೆ ಕೂತು ನನ್ನ ಕಾಲನ್ನೇ ನೋಡ್ತಿದ್ರು. ಒಂದ್ಸಲ ಜೋರಾಯ್ತು, "ಮೆದುವಾ" ಅಂದ್ರು.

ಆಸ್ಪತ್ರೇಲಿ ಒಂದು ಮಾತು ಕೇಳಿದ್ದೆಯಲ್ಲಪ್ಪ. ಈಗ ಹೇಳ್ತೀನಿ.

ತುಳೀತಿದ್ದೀನಿ.