ಬೋರ್ಡಿನ ಬುಡದಲ್ಲಿ ಎರಡು ಮಾರು

ಮನೆ, ಟ್ರಾಕ್ಟರ್ ಷೆಡ್ಡಿನ ಪಕ್ಕದ ಕೋಣೆ
ಒಂಬತ್ತನೇ ತಾರೀಕು, ಶನಿವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನು ನೋವು ಕಮ್ಮಿಯಾಯಿತೇ? ವಿಮಾನದಲ್ಲಿ ಹನ್ನೆರಡು ಗಂಟೆ ಮುದುರಿಕೊಂಡು ಕೂತರೆ ಬೆನ್ನು ಹಿಡಿಯದೆ ಇನ್ನೇನು ಮಾಡುತ್ತದೆ! ಆಗಾಗ ಎದ್ದು ಓಡಾಡು ಎಂದರೆ ಪಕ್ಕದವರಿಗೆ ತೊಂದರೆ ಎನ್ನುತ್ತೀಯ. ಚಿಕ್ಕಂದಿನಿಂದಲೂ ಹೊರಗಿನವರಿಗೆ ನೀನು ಬಹಳ ಒಳ್ಳೆಯವನು, ದರ್ಬಾರೇನಿದ್ದರೂ ಮನೆಯವರ ಮೇಲೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಭಾವನ ಕೆಮ್ಮು ವಾಸಿಯಾಗಿದೆ. ಅದು ಡಾಕ್ಟರ ಔಷಧಿಯಿಂದಲ್ಲ, ಟ್ರಾಕ್ಟರಿನ ಹೊಗೆ ಕೊಳವೆ ಬದಲಾಯಿಸಿದ್ದರಿಂದ ಎಂದು ಅವರ ವಾದ. ನಿನ್ನ ಸೊಸೆ ಪರೀಕ್ಷೆ ಮುಗಿಸಿ ದಿನವಿಡೀ ಕನ್ನಡಿಯ ಮುಂದೆ ಇದ್ದಾಳೆ, ಹದಿನಾಲ್ಕಕ್ಕೇ ಇಷ್ಟು, ಮುಂದೆ ಹೇಗೋ ಕಾಣೆ. ಹೊಲವೂ ಚೆನ್ನಾಗಿದೆ. ಮುಸುಕಿನ ಜೋಳ ಕೊಯ್ದು ದಂಟನ್ನು ಅಲ್ಲೇ ಹಾಸಿದ್ದೇವೆ. ಇಷ್ಟು ಬಿಸಿಲಲ್ಲೂ ಅದರ ಕೆಳಗೆ ಕೈ ಹಾಕಿದರೆ ಮಣ್ಣು ತಣ್ಣಗಿದೆ.

ನಿನ್ನ ಕಾಗದ ಬಂತು. ಹದಿನೆಂಟನೇ ತಾರೀಕು ಏಳು ದೇಶಗಳ ನಲವತ್ತು ರೈತರಿಗೆ ನಮ್ಮ ಉಳದ ಹೊಲ ತೋರಿಸಲು ನೀನೇ ಕರೆದುಕೊಂಡು ಬರುತ್ತೀಯ ಎಂದು ಓದಿದಾಗ ಎಲ್ಲ ಮರೆತು ಸಂತೋಷಪಟ್ಟೆ. ಎರಡು ವರ್ಷವಾಯಿತಲ್ಲ ನಿನ್ನ ಮುಖ ನೋಡಿ. ನಲವತ್ತು ಜನಕ್ಕೆ ಕುರ್ಚಿ ಎಲ್ಲಿಂದ ತರಲಿ ಎಂದು ಲೆಕ್ಕ ಹಾಕುತ್ತಿದ್ದಾಗಲೇ ಲಕೋಟೆಯಿಂದ ಆ ಚೀಟಿ ಬಿತ್ತು. ನಮ್ಮ ಹೊಲದ ರಸ್ತೆ ಬದಿಯಲ್ಲಿರುವ ನಿನ್ನ ಹೆಸರಿನ ಬೋರ್ಡಿನ ಪಕ್ಕ ನಿಂತು ಅಕ್ಕ ಹೇಳಬೇಕಾದದ್ದು, ನಾಲ್ಕೇ ಸಾಲು, ಟೈಪು ಮಾಡಿಸಿ ಕಳಿಸಿದ್ದೀಯ. "ಉಳುಮೆ ಬಿಡುವುದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಹೊಲ ಹಾಳಾಯಿತೆಂದು ಅತ್ತುಬಿಟ್ಟೆ. ನನ್ನ ತಮ್ಮ ತಾಳ್ಮೆಯಿಂದ ತಿಳಿಹೇಳಿದ. ಈಗ ನಾನು ಬದಲಾಗಿದ್ದೇನೆ." ನಿನಗೆ ಸ್ಕೂಲಿನ ಪದ್ಯ ನಾನು ಬಾಯಿಪಾಠ ಮಾಡಿಸುತ್ತಿದ್ದೆ, ಈಗ ನನ್ನ ಸರದಿ ಬಂತು ನೋಡು.

ಚೀಟಿ ನೋಡಿ ನಾನು ಬೆಚ್ಚಿಬೀಳಲಿಲ್ಲ. ವಿಷಯ ಹೋದ ತಿಂಗಳೇ ಗೊತ್ತಾಗಿತ್ತು. ನೀನು ಕಳಿಸಿದ ಹೊರದೇಶದ ಮೂರು ಜನ ರೈತರು ಬಂದಿದ್ದರಲ್ಲ, ಜೊತೆಗೆ ಅವರ ಮಾತನ್ನು ನಮಗೆ ತಿಳಿಸುವ ಹುಡುಗಿಯೊಬ್ಬಳು. ಗಂಡಸರಿಬ್ಬರೂ ನೇರ ಹೊಲಕ್ಕೆ ಹೋಗಿ ಮಣ್ಣು ಮೂಸುತ್ತ ಕೂತರು. ನನ್ನ ವಯಸ್ಸಿನ ಹೆಂಗಸು ಮಾತ್ರ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈಯೂ ನನ್ನದರ ಹಾಗೇ ಒರಟು, ಹಾಗಾಗಿ ಕೂಡಲೇ ಇಷ್ಟವಾದಳು. "ನಾನೂ ನಿಮ್ ಹಾಗೇ ಅಡ್ಡಗಾಲು ಹಾಕಿದ್ದೆ, ಆಮೇಲೆ ಒಪ್ಕೊಂಡೆ. ನಾಚಿಕೆ ಪಟ್ಕೋಬೇಡಿ" ಎಂದಳಂತೆ. ನನಗೆ ತಲೆಬುಡ ಅರ್ಥವಾಗಲಿಲ್ಲ. ಆಗ ಚೀಲದಿಂದ ನಿನ್ನ ಪುಸ್ತಕ ತೆಗೆದಳು. ಆರು ಭಾಷೆಗಳಲ್ಲಿ ಅಚ್ಚಾಗಿರುವ, ನನಗೊಂದು ಪ್ರತಿ ಕಳಿಸಲು ನೀನು ಮರೆಯುತ್ತಲೇ ಇರುವ ಪುಸ್ತಕ. ಮೂರನೇ ಪುಟದಲ್ಲಿ ನಮ್ಮ ಹೊಲದ ಫೋಟೋ. ಅದರ ಕೆಳಗೆ, ನೀನು ಹಾರೆ ಹಿಡಿದು ಬಿತ್ತುತ್ತಿದ್ದಾಗ ನಿನ್ನ ಅಕ್ಕ ಬದುವಿನ ಮೇಲೆ ಕೂತು ಅಳುತ್ತಿದ್ದಳಂತೆ. ಹುಡುಗಿ ಓದುತ್ತ ಓದುತ್ತ ನನ್ನ ಮುಖ ನೋಡಿ ದನಿ ತಗ್ಗಿಸಿದಳು. ನಾನು ನಕ್ಕು "ಹೌದಮ್ಮ, ಆಗ ಬುದ್ಧಿ ಇರ್ಲಿಲ್ಲ" ಎಂದೆ. ಹೊರಗಿನವರ ಮುಂದೆ ನಿನ್ನ ಮಾನ ಹೋಗಬಾರದಲ್ಲ.

ಆ ವರ್ಷ ಏನಾಯಿತೆಂದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಒಂದು ಕಡೆಯಾದರೂ ಸರಿಯಾಗಿ ಬರೆದಿಟ್ಟಿರಲಿ. ನಿನ್ನ ಭಾವನ ಟ್ರಾಕ್ಟರಿನ ಗೇರ್‌ಬಾಕ್ಸ್ ಒಡೆದು, ಬಿಡಿಭಾಗ ಬರಲು ಎರಡು ತಿಂಗಳು ಎಂದರು. ಊರವರ ಹೊಲವನ್ನೆಲ್ಲ ಬಾಡಿಗೆಗೆ ಉಳುವ ಮನುಷ್ಯನ ಸ್ವಂತ ಹೊಲಕ್ಕೇ ಉಳುಮೆ ಇಲ್ಲ. ಮಳೆ ಬಿದ್ದು ಹದ ಮೀರುತ್ತಿತ್ತು. ಮಗುವನ್ನು ಭಾವನ ಕೈಗೆ ಕೊಟ್ಟು ನಾನು ಹಾರೆ ಹಿಡಿದೆ. ಹಳೇ ದಂಟಿನ ನಡುವೆಯೇ ಗುಳಿ ಹಾಕಿ, ಗುಳಿಗೆ ಎರಡು ಕಾಳಿನಂತೆ ಬಿತ್ತುತ್ತ ಹೋದೆ. ದಂಟು ತೆಗೆಯದೆ ಬಿಟ್ಟಿದ್ದು ಜಾಣತನದಿಂದಲ್ಲ, ಹೆರಿಗೆಯಾಗಿ ಮೂರು ತಿಂಗಳಾಗಿತ್ತು, ಸೊಂಟ ಬಗ್ಗುತ್ತಿರಲಿಲ್ಲ. ನಿನ್ನ ಪುಸ್ತಕದಲ್ಲಿ ಅದಕ್ಕೆ ಮಣ್ಣಿನ ಹೊದಿಕೆ ಎಂಬ ದೊಡ್ಡ ಹೆಸರಿದೆಯಂತೆ, ಇಡೀ ಪದ್ಧತಿಗೆ ಸಂರಕ್ಷಣಾ ಕೃಷಿ ಎಂಬ ಇನ್ನೂ ದೊಡ್ಡ ಹೆಸರು. ಕಾಲೇಜಿನ ರಜೆಗೆ ಬಂದಿದ್ದ ನೀನು ಬದುವಿನ ಮೇಲೆ ನಿಂತು "ಅಕ್ಕಾ, ಉಳದೆ ಬಿತ್ತೋದು ಹುಚ್ಚರ ಕೆಲ್ಸ, ನಮ್ ಮೇಷ್ಟ್ರು ನೋಡಿದ್ರೆ ನಗ್ತಾರೆ" ಎಂದೆ. ಬಿಳಿ ಬೂಟು ಕೊಳೆಯಾಗುತ್ತದೆಂದು ಕೆಳಗೆ ಇಳಿಯಲೂ ಇಲ್ಲ. ಒಂಬತ್ತನೇ ದಿನ ದಂಟಿನ ಸಂದಿಯಿಂದ ಸಾಲು ಸಾಲಾಗಿ ಮೊಳಕೆ ತಲೆ ಎತ್ತಿತ್ತು. ಆಗ ಬದುವಿನ ಮೇಲೆ ಕೂತು ನಾನು ಗಳಗಳ ಅತ್ತಿದ್ದು ನಿಜ. ಸಂತೋಷಕ್ಕೆ ಅತ್ತಿದ್ದು. ನೋಡಿದವನು ನೀನೊಬ್ಬನೇ, ಮೂಗು ಒರೆಸಿಕೊಳ್ಳಲು ನಿನ್ನ ಕರ್ಚೀಫು ಕೊಟ್ಟೆ. ಆಮೇಲೆ ಪ್ರತಿ ರಜೆಯಲ್ಲೂ ಚೊಂಬಿನಲ್ಲಿ ನೀರು ಹಿಡಿದು ಹೋಗುತ್ತಿದ್ದೆವು. ಪಕ್ಕದ ಉತ್ತ ಹೊಲದಲ್ಲಿ ಸುರಿದರೆ ಕೆಸರಾಗಿ ಹರಿದುಹೋಗುತ್ತಿತ್ತು, ನಮ್ಮದರಲ್ಲಿ ಇಪ್ಪತ್ತು ಎಣಿಸುವಷ್ಟರಲ್ಲಿ ಇಂಗುತ್ತಿತ್ತು. ಎಣಿಸುತ್ತಿದ್ದವಳು ನಾನು, ಬರೆದುಕೊಳ್ಳುತ್ತಿದ್ದವನು ನೀನು.

ಹೆಸರಿಗಾಗಿ ನಾನು ಜಗಳಕ್ಕೆ ನಿಂತಿಲ್ಲ ಮಹರಾಯ. ನಮಗಿಂತ ಮೊದಲೇ ಎಷ್ಟೋ ಕಡೆ ಎಷ್ಟೋ ಜನ ಹೀಗೆ ಬಿತ್ತುತ್ತಿದ್ದರೆಂದು ಆ ಹೆಂಗಸೇ ಹೇಳಿದಳು. ಇವತ್ತು ಪ್ರಪಂಚದ ಮೂಲೆ ಮೂಲೆಯಲ್ಲಿ ರೈತರು ನೇಗಿಲು ಬದಿಗಿಡುತ್ತಿದ್ದಾರೆ ಎಂದು ಕೇಳಿದಾಗ ನನ್ನ ಎದೆಯೂ ಉಬ್ಬುತ್ತದೆ. ಅದರಲ್ಲಿ ನಿನ್ನ ಓಡಾಟದ ಪಾಲು ದೊಡ್ಡದು, ಒಪ್ಪುತ್ತೇನೆ. ಬೋರ್ಡಿನ ಮೇಲೆ ನಿನ್ನ ಹೆಸರೊಂದೇ ಇರಲಿ ಎಂದು ನೀನು ಫೋನಿನಲ್ಲಿ ಹೇಳಿದಾಗ ನಿನ್ನ ಭಾವನೇ ಕುಂಚ ಹಿಡಿದು ಬರೆದರು, ನಾನು ಏಣಿ ಹಿಡಿದೆ. ಪುಸ್ತಕದ ಸುದ್ದಿ ಕೇಳಿ ಅವರು ಮೊದಲು ನಕ್ಕರು, "ನನ್ ಗೇರ್‌ಬಾಕ್ಸ್ ಹೆಸ್ರಾದ್ರೂ ಹಾಕ್ಬೇಕಿತ್ತು" ಎಂದರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಕಾಗದದ ಕೊನೆಯಲ್ಲಿ ನೀನು ಬರೆದಿದ್ದೀಯ, ಒಪ್ಪದವರೊಬ್ಬರು ಕಥೆಯಲ್ಲಿದ್ದರೇ ಜನ ಕಿವಿಗೊಡುವುದು ಎಂದು. ಒಪ್ಪದವನು ಇದ್ದನಲ್ಲೋ, ಬಿಳಿ ಬೂಟು ಹಾಕಿಕೊಂಡು! ಅವನನ್ನು ಯಾಕೆ ಮುಚ್ಚಿಟ್ಟೆ? ನನ್ನ ಬಾಳಿನಲ್ಲಿ ಸಂತೋಷಕ್ಕೆ ಅತ್ತದ್ದು ಆ ಒಂದೇ ಸಲ. ಅದನ್ನು ನಿನ್ನ ಕರ್ಚೀಫಿನಲ್ಲಿ ಕಟ್ಟಿಕೊಂಡು ಹೋಗಿ ದೇಶ ದೇಶದಲ್ಲಿ ಬಿಚ್ಚಿ, ನೋಡಿ ನನ್ನ ಅಕ್ಕನ ದಡ್ಡತನ ಎಂದು ತೋರಿಸಿದೆಯಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾಲ್ಕು ಮಾತು ಬೈದು ಮರೆಯುತ್ತಿದ್ದೆ. ನಿನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ನಾನು. ಮೋಸ ಮಾಡಿದೆ ತಮ್ಮಾ.

ಹದಿನೆಂಟಕ್ಕೆ ಎಲ್ಲರನ್ನೂ ಕರೆದುಕೊಂಡು ಬಾ. ಕುರ್ಚಿಗೆ ಶಾಲೆಯವರನ್ನು ಕೇಳಿದ್ದೇನೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ, ಬೆನ್ನಿಗೆ ಗಟ್ಟಿ ದಿಂಬೂ ತೆಗೆದಿಟ್ಟಿದ್ದೇನೆ. ಸಿಟ್ಟು ಸಿಟ್ಟಿನ ಪಾಡಿಗೆ ಇರಲಿ, ನೀನು ಹೋದ ಕಡೆಯೆಲ್ಲ ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಸಿಗಲಿ. ಭಾವ ಕೇಳಿದರೆಂದು ತಿಳಿ.

ನಿನ್ನ ಅಕ್ಕ

ಮತ್ತೊಂದು ಮಾತು, ಭಾವ ಅಂಚೆಗೆ ಹೋಗಲು ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ: ನಿನ್ನೆ ಬೆಳಿಗ್ಗೆ ಟ್ರಾಕ್ಟರಿಗೆ ಹಳೇ ನೇಗಿಲು ಕಟ್ಟಿಸಿ, ನಿನ್ನ ಬೋರ್ಡಿನ ಸುತ್ತಲಿನ ಜಾಗ ಪೂರ್ತಿ ಉತ್ತುಬಿಡಿ ಎಂದೆ. ಭಾವ ಎರಡು ಸಲ ಕೇಳಿದರು, ನಾನು ಎರಡು ಸಲವೂ ಹೂಂ ಎಂದೆ. ನೇಗಿಲು ಇಳಿದು ಎರಡು ಮಾರು ಹೋಗಿರಬೇಕು, ಮಗುಚಿದ ಮಣ್ಣಿನಲ್ಲಿ ತುಂಡಾದ ಎರೆಹುಳುಗಳು ಹೊರಳುತ್ತಿದ್ದವು. ಹದಿನಾಲ್ಕು ವರ್ಷ ನೇಗಿಲು ಕಾಣದ ಮಣ್ಣು. ಸಾಕು ಎಂದು ಕಿರುಚುವ ಮೊದಲೇ ಅವರು ಎಂಜಿನ್ ನಿಲ್ಲಿಸಿದ್ದರು. ಆ ಎರಡು ಮಾರಿಗೆ ನಾನು ದಂಟು ಮುಚ್ಚಿಲ್ಲ, ಹಾಗೇ ಬಿಟ್ಟಿದ್ದೇನೆ. ಬರುವವರೆಲ್ಲ ಮಣ್ಣು ಬಲ್ಲವರು, ಇದೇನು, ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ, ಬಾಯಿ ತೆರೆಯುವುದಿಲ್ಲ. ಉತ್ತರ ನೀನೇ ಕೊಡಬೇಕು. ನಿನ್ನ ಚೀಟಿಯನ್ನು ಇದರೊಳಗೇ ವಾಪಸ್ ಇಟ್ಟಿದ್ದೇನೆ. ಹಿಂಬದಿ ಖಾಲಿ ಇದೆ, ಬರೆದುಕೋ.